ಪಿಕಪ್ ಗಾಡಿಯ ಏರ್‌ಫ್ಲೋ ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಪಿಕಪ್ ಮಾಲೀಕರು, ಡ್ರೈವರ್‌ಗಳು ಗ್ಯಾರೇಜಿಗೆ ಬಂದಾಗ ಕೇಳುವ ಪ್ರಶ್ನೆಗಳು ಇವು. ಹೆಚ್ಚಿನ ಮಾತು ಡೀಸೆಲ್ ಗಾಡಿಗಳ ಬಗ್ಗೆ. ತರಕಾರಿ ಚೀಲದಿಂದ ಹಿಡಿದು ದ್ರಾಕ್ಷಿ ಕ್ರೇಟಿನವರೆಗೆ ನಮ್ಮ ಕಡೆ ಮಾಲು ಹೊರುವುದು ಹೆಚ್ಚಾಗಿ ಅವೇ. ಗಾಡಿಯ ದೋಷ ಓದುವ ಸ್ಕ್ಯಾನರ್ ಪರದೆಯ ಮೇಲೆ ಈ ಸೆನ್ಸರ್ ಹೆಸರು ಬಂದ ಕೂಡಲೇ ಹೊಸದು ತರಲು ಓಡುವವರು ಬಹಳ. ಎಷ್ಟೋ ಸಲ ಸೆನ್ಸರ್ ನಿಜ ಹೇಳುತ್ತಿರುತ್ತದೆ, ತಪ್ಪು ಬೇರೆ ಕಡೆ ಇರುತ್ತದೆ. ಕೆಳಗಿನ ಅರ್ಧ ಉತ್ತರಗಳು ಅದರ ಬಗ್ಗೆಯೇ ಇವೆ.

ಈ ಸೆನ್ಸರ್ ಮಾಡುವ ಕೆಲಸ ಏನು?

ಎಂಜಿನ್ನಿನೊಳಗೆ ಹೋಗುವ ಗಾಳಿಯ ತೂಕ ಅಳೆಯುತ್ತದೆ. ಮ್ಯಾಫ್ ಸೆನ್ಸರ್ ಅಂತ ಕರೆಯುವುದೂ ಇದನ್ನೇ. ಅಳತೆ ಸೆಕೆಂಡಿಗೆ ಇಷ್ಟು ಗ್ರಾಂ ಅಂತ.

ಒಳಗೆ ಒಂದು ಸಣ್ಣ ತಂತಿ ಇಲ್ಲವೇ ತೆಳು ಫಿಲ್ಮ್ ಇರುತ್ತದೆ. ಕರೆಂಟು ಹರಿಸಿ ಅದನ್ನು ಸುತ್ತಲಿನ ಗಾಳಿಗಿಂತ ಬಹಳ ಬಿಸಿಯಾಗಿ ಇಟ್ಟಿರುತ್ತಾರೆ. ಬಸಿಯಲ್ಲಿ ಹಾಕಿದ ಚಹಾ ಊದಿದರೆ ಆರುವ ಹಾಗೆ, ಹಾದುಹೋಗುವ ಗಾಳಿ ಅದನ್ನು ಆರಿಸುತ್ತದೆ. ಮತ್ತೆ ಅಷ್ಟೇ ಬಿಸಿ ಮಾಡಲು ಎಷ್ಟು ಕರೆಂಟು ಬೇಕಾಯಿತು ಅನ್ನುವುದರ ಮೇಲೆ ಗಾಳಿಯ ಲೆಕ್ಕ ಸಿಗುತ್ತದೆ. ಈಗ ಬರುವ ಸೆನ್ಸರ್‌ಗಳಲ್ಲಿ ಹೆಚ್ಚಿನವು ಫಿಲ್ಮ್ ಮಾದರಿಯವು.

ಪೆಟ್ರೋಲ್ ಗಾಡಿಯಲ್ಲಿ ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವ ಲೆಕ್ಕವೇ ಇದರ ಮೇಲೆ ನಡೆಯುತ್ತದೆ. ಡೀಸೆಲ್‌ನಲ್ಲಿ ಹಾಗಲ್ಲ. ಅಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಕೆಲಸ. ಒಂದು, ಇಜಿಆರ್ ವಾಲ್ವ್ ಎಷ್ಟು ತೆರೆಯಬೇಕು ಅಂತ ತಿಳಿಸುವುದು. ಇಜಿಆರ್ ಅಂದರೆ ಸೈಲೆನ್ಸರ್ ಕಡೆ ಹೋಗುವ ಹೊಗೆಯ ಒಂದು ಪಾಲನ್ನು ವಾಪಸ್ ಎಂಜಿನ್ನಿಗೆ ಕಳಿಸುವ ವಾಲ್ವ್. ಇನ್ನೊಂದು, ಇರುವ ಗಾಳಿಗೆ ಮೀರಿ ಡೀಸೆಲ್ ಬಿದ್ದು ಹೊಗೆ ಆಗದ ಹಾಗೆ ತಡೆಯುವುದು. ಈ ಎರಡು ಕೆಲಸ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ನನ್ನ ಗಾಡಿಯಲ್ಲಿ ಇದು ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿ ಹುಡುಕಿ. ಅದರಿಂದ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಕಡೆ ಹೋಗುವ ದಪ್ಪ ಪೈಪಿನ ಶುರುವಿನಲ್ಲೇ ಕಪ್ಪು ಪ್ಲಾಸ್ಟಿಕ್ಕಿನ ಒಂದು ತುಂಡು, ಅದಕ್ಕೊಂದು ವೈರಿನ ಕಪ್ಲರ್ ಕಂಡರೆ ಅದೇ. ನಾಲ್ಕೋ ಐದೋ ವೈರ್ ಇರುವುದು ಸಾಮಾನ್ಯ. ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ಅಂತ ನೋಡುವ ಸೆನ್ಸರನ್ನೂ ಅದರಲ್ಲೇ ಕೂರಿಸಿರುತ್ತಾರೆ.

ಮೆಕ್ಯಾನಿಕಲ್ ಪಂಪಿನ ಹಳೆಯ ಡೀಸೆಲ್ ಗಾಡಿಗಳಲ್ಲಿ ಹುಡುಕಬೇಡಿ, ಸಾಮಾನ್ಯವಾಗಿ ಇರುವುದಿಲ್ಲ. ಗಾಡಿಯ ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಬಿಡುವ ಕಾಮನ್ ರೈಲ್ ಬಂದ ಮೇಲೆ, ಅದರಲ್ಲೂ 2017ರ ಬಿಎಸ್ 4 ಮತ್ತು 2020ರ ಬಿಎಸ್ 6 ಹೊಗೆ ನಿಯಮದ ನಂತರದ ಡೀಸೆಲ್ ಪಿಕಪ್‌ಗಳಲ್ಲಿ ಇದು ಕಾಣಸಿಗುತ್ತದೆ. ಸಣ್ಣ ಪೆಟ್ರೋಲ್, ಸಿಎನ್‌ಜಿ ಗಾಡಿಗಳಲ್ಲಿ ಹಲವಕ್ಕೆ ಇದರ ಬದಲು ಮ್ಯಾನಿಫೋಲ್ಡ್ ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಇರುತ್ತದೆ. ಅದು ಬೇರೆ, ಇದು ಬೇರೆ. ಮ್ಯಾಪ್ ಸೆನ್ಸರ್ ಬಿಚ್ಚಿ ಇಲ್ಲಿ ಹೇಳಿದ ಹಾಗೆ ತೊಳೆಯಲು ಹೋಗಬೇಡಿ.

ಕೊಳೆ ಹಿಡಿದರೆ ಗಾಡಿ ಏನು ಮಾಡುತ್ತದೆ?

"ಗಾಡಿ ಎಳಿಯಾಂಗಿಲ್ಲರೀ" ಅಂತಲೇ ಹೆಚ್ಚಿನವರು ಬರುತ್ತಾರೆ. ಲೋಡ್ ಹಾಕಿ ಮೂರನೇ ಗೇರಿನಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿದರೂ ಗಾಡಿ ಏಳುವುದಿಲ್ಲ. ಖಾಲಿ ಗಾಡಿಯಲ್ಲಿ ಅಷ್ಟು ತಿಳಿಯುವುದಿಲ್ಲ. ಅದಕ್ಕೇ ಮಾಲು ಇಳಿಸಿ ಗ್ಯಾರೇಜಿಗೆ ತಂದಾಗ "ಚೆನ್ನಾಗಿಯೇ ಇದೆಯಲ್ಲ" ಅಂತ ಮೇಸ್ತ್ರಿ ವಾಪಸ್ ಕಳಿಸಿಬಿಡುತ್ತಾನೆ.

ಉಳಿದ ಲಕ್ಷಣಗಳು: ಆವರೇಜ್ ಇಳಿಯುವುದು, ಐಡಲಿಂಗ್‌ನಲ್ಲಿ ಎಂಜಿನ್ ಏರಿಳಿಯುವುದು, ಗೇರ್ ಬದಲಿಸುವಾಗ ಜರ್ಕ್, ಮೀಟರ್‌ನಲ್ಲಿ ಎಂಜಿನ್ ಲೈಟು. ಪೆಟ್ರೋಲ್ ಗಾಡಿಯಾದರೆ ಸಿಗ್ನಲ್‌ನಲ್ಲಿ ನಿಂತಾಗ ಬಂದ್ ಬೀಳುವುದೂ ಉಂಟು. ಬಿಎಸ್ 6 ಡೀಸೆಲ್‌ನಲ್ಲಿ ಮಸಿ ಜಾಸ್ತಿಯಾಗಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬೇಗ ಬೇಗ ತುಂಬಬಹುದು.

ಇವೆಲ್ಲ ಇದೊಂದೇ ಸೆನ್ಸರ್‌ನ ಲಕ್ಷಣಗಳಲ್ಲ. ಡೀಸೆಲ್ ಫಿಲ್ಟರ್ ಕಟ್ಟಿದರೂ ಗಾಡಿ ಎಳೆಯುವುದಿಲ್ಲ.

ಕಪ್ಪು ಹೊಗೆ ಬಂದರೆ ಈ ಸೆನ್ಸರೇ ಅಲ್ವಾ?

ಅಷ್ಟು ಸರಳ ಇಲ್ಲ. ಯಾವ ಕಡೆ ತಪ್ಪಿದೆ ಅಂತ ನೋಡಬೇಕು.

ಸೆನ್ಸರ್ ಕಡಿಮೆ ಗಾಳಿ ತೋರಿಸಿದರೆ ಕಂಪ್ಯೂಟರ್ "ಗಾಳಿ ಇಲ್ಲ, ಡೀಸೆಲ್ ಕಡಿಮೆ ಬಿಡೋಣ" ಅಂದುಕೊಳ್ಳುತ್ತದೆ. ಆಗ ಗಾಡಿ ಸತ್ತ ಹಾಗೆ ಹೋಗುತ್ತದೆ, ಆದರೆ ಹೊಗೆ ಅಷ್ಟಾಗಿ ಇರುವುದಿಲ್ಲ. ಎಳೆತ ಇಲ್ಲ, ಹೊಗೆಯೂ ಇಲ್ಲ ಅಂದರೆ ಸೆನ್ಸರ್ ಮೇಲೆ ಅನುಮಾನ ಪಡಬಹುದು.

ಸೆನ್ಸರ್ ಇರುವುದಕ್ಕಿಂತ ಜಾಸ್ತಿ ತೋರಿಸಿದರೆ ಇಜಿಆರ್ ಬೇಕಾದ್ದಕ್ಕಿಂತ ಹೆಚ್ಚು ತೆರೆಯುತ್ತದೆ. ಹೊಸ ಗಾಳಿಯ ಜಾಗದಲ್ಲಿ ಹಳೆ ಹೊಗೆ ತುಂಬುತ್ತದೆ. ಆಗ ಕಪ್ಪು ಹೊಗೆ ಬರುತ್ತದೆ.

ಮೂರನೆಯದೇ ನಮ್ಮಲ್ಲಿ ಜಾಸ್ತಿ ಸಿಗುವುದು. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸ್ ಸೀಳಿರುತ್ತದೆ ಅಥವಾ ಕ್ಲಾಂಪ್ ಸಡಿಲವಾಗಿರುತ್ತದೆ. ಸೆನ್ಸರ್ ಗಾಳಿಯನ್ನು ಸರಿಯಾಗಿಯೇ ಅಳೆದಿದೆ. ಕಂಪ್ಯೂಟರ್ ಅದಕ್ಕೆ ತಕ್ಕ ಡೀಸೆಲ್ಲನ್ನೇ ಬಿಟ್ಟಿದೆ. ಅಳೆದ ಗಾಳಿ ಮಾತ್ರ ದಾರಿಯಲ್ಲೇ ಸೋರಿಹೋಗಿದೆ. ರೇಸ್ ಕೊಟ್ಟರೆ ಧಗ್ ಅಂತ ಹೊಗೆ, ಜೊತೆಗೆ ಸುಯ್ ಅನ್ನುವ ಸದ್ದು. ಹೋಸಿನ ಜೋಡಣೆ ಹತ್ತಿರ ಎಣ್ಣೆ ಜಿಡ್ಡಿನ ಮೇಲೆ ಧೂಳು ಮೆತ್ತಿ ಕಪ್ಪಾಗಿದ್ದರೆ ಸೋರುತ್ತಿರುವುದು ಅಲ್ಲೇ. ಹೀಗಿದ್ದಾಗ ಹೊಸ ಸೆನ್ಸರ್ ಹಾಕಿದರೆ ಸುಮ್ನೆ ದುಡ್ಡು ದಂಡ.

ನಮ್ಮ ಕಡೆ ಇದು ಇಷ್ಟು ಬೇಗ ಕೊಳೆಯಾಗುವುದು ಯಾಕೆ?

ಧೂಳು ಅಂತ ಎಲ್ಲರಿಗೂ ಗೊತ್ತು. ಆದರೆ ಎಲ್ಲ ಧೂಳೂ ಒಂದೇ ಅಲ್ಲ.

ಎರೆ ಮಣ್ಣಿನ ಹೊಲದ ದಾರಿ ಬೇಸಿಗೆಯಲ್ಲಿ ಹಿಟ್ಟಾಗುತ್ತದೆ. ಅದು ಬಹಳ ನುಣುಪು, ಫಿಲ್ಟರ್ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಸಾಕು. ಇಳಕಲ್ಲಿನ ಗ್ರಾನೈಟ್ ಕ್ವಾರಿ, ಲೋಕಾಪುರ ಕಡೆಯ ಸುಣ್ಣದಕಲ್ಲಿನ ಗಣಿಗಳಿಗೆ ಓಡುವ ಗಾಡಿಗಳಲ್ಲಿ ಕಲ್ಲಿನ ಪುಡಿ ಸಿಗುತ್ತದೆ. ಜೋಳದ ರಾಶಿ ನಡೆಯುವಾಗ ಮಷಿನ್ ಪಕ್ಕದಲ್ಲೇ ಗಾಡಿ ಚಾಲೂ ಇಟ್ಟು ನಿಲ್ಲಿಸಿದರೆ ಹೊಟ್ಟು, ಸುಂಕು ನೇರ ಫಿಲ್ಟರ್ ಡಬ್ಬಿಗೆ ಹೋಗುತ್ತದೆ. ರಬಕವಿ ಬನಹಟ್ಟಿಯಲ್ಲಿ ನೂಲು, ಸೀರೆ ಸಾಗಿಸುವ ಗಾಡಿಗಳ ಫಿಲ್ಟರ್ ಮೇಲೆ ಹತ್ತಿಯ ಎಳೆ ಕಂಬಳಿ ಹಾಸಿದಂತೆ ಕೂತಿರುವುದೂ ಉಂಟು. ಅಕ್ಟೋಬರ್, ನವೆಂಬರ್‌ನಿಂದ ಕಬ್ಬಿನ ಸೀಸನ್ ಬಂತೆಂದರೆ ಜಮಖಂಡಿ, ಮುಧೋಳ, ಗೋಕಾಕ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಹಿಂದೆಯೇ ಹೋಗಬೇಕು. ಒಣ ರವದಿಯ ಚೂರು, ಧೂಳು ಎರಡೂ ಗಾಡಿಯೊಳಕ್ಕೆ.

ಬರೀ ಒಣ ಧೂಳು ಸೆನ್ಸರ್ ಮೇಲೆ ಅಷ್ಟಾಗಿ ನಿಲ್ಲುವುದಿಲ್ಲ. ಅಂಟಿಸುವುದು ಎಣ್ಣೆ. ಎಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಹೋಸ್ ಟರ್ಬೊಗಿಂತ ಮುಂಚೆ ಇದೇ ಪೈಪಿಗೆ ಸೇರುತ್ತದೆ. ಗಾಡಿ ಬಂದ್ ಮಾಡಿದ ಮೇಲೆ ಬಿಸಿ ಎಣ್ಣೆಯ ಆವಿ ಮೆಲ್ಲಗೆ ಹಿಂದಕ್ಕೆ ಬಂದು ಫಿಲ್ಮ್ ಮೇಲೆ ಕೂರುತ್ತದೆ. ಮರುದಿನ ಅದರ ಮೇಲೆ ಧೂಳು. ಪಿಸ್ಟನ್ ರಿಂಗ್ ಸವೆದ ಎಂಜಿನ್‌ನಲ್ಲಿ ಈ ಆವಿ ಜಾಸ್ತಿ. ಪದೇ ಪದೇ ಸೆನ್ಸರ್ ಎಣ್ಣೆಯಾಗುತ್ತಿದ್ದರೆ ಎಂಜಿನ್ ಕಡೆಗೂ ಒಮ್ಮೆ ನೋಡಿ.

ಸ್ಕ್ಯಾನರ್‌ನಲ್ಲಿ ಪಿ0101 ಬಂತು. ಹೊಸದು ಹಾಕಿಸಲಾ?

ತಡೆಯಿರಿ. ಇದು ಸ್ಕ್ಯಾನರ್ ತೋರಿಸುವ ದೋಷದ ಕೋಡ್. ಅದು ಏನು ಹೇಳುತ್ತದೆ ಅಂತ ಮೊದಲು ನೋಡಿ.

ಪಿ0101 ಅಂದರೆ ಸೆನ್ಸರ್ ಕೆಟ್ಟಿದೆ ಅಂತಲ್ಲ. ಅದು ತೋರಿಸುವ ಗಾಳಿಗೂ ಕಂಪ್ಯೂಟರ್ ಲೆಕ್ಕ ಹಾಕಿದ ಗಾಳಿಗೂ ತಾಳೆ ಆಗುತ್ತಿಲ್ಲ ಅಂತ. ಕೊಳೆ ಇರಬಹುದು. ಫಿಲ್ಟರ್ ಕಟ್ಟಿರಬಹುದು. ಪೈಪ್ ಸೋರುತ್ತಿರಬಹುದು. ಇಜಿಆರ್ ವಾಲ್ವ್ ಮಸಿ ತುಂಬಿ ತೆರೆದೇ ನಿಂತಿರಬಹುದು. ಈ ಕೋಡ್‌ಗೆ ನಾನು ಸೆನ್ಸರ್‌ಗೆ ಕೈ ಹಾಕುವುದು ಕೊನೆಗೆ.

ಪಿ0102 ಅಂದರೆ ಸಿಗ್ನಲ್ ತೀರಾ ಕಡಿಮೆ, ಪಿ0103 ಅಂದರೆ ತೀರಾ ಜಾಸ್ತಿ. ಇವು ಬಂದರೆ ವೈರ್ ಕಡೆ ನೋಡಿ. ಹೊಲದಲ್ಲೋ ಗೋಡೌನಿನಲ್ಲೋ ನಿಲ್ಲುವ ಗಾಡಿಯಲ್ಲಿ ಇಲಿ ವೈರ್ ಕಡಿದಿರುವುದು ಮಾಮೂಲು. ಪಿ0100 ಕೂಡ ಸರ್ಕ್ಯೂಟಿನದೇ. ಪಿ0104 ಬಂದರೆ ಒಮ್ಮೆ ಸಿಕ್ಕಿ ಒಮ್ಮೆ ತಪ್ಪುವ ಸಂಪರ್ಕ, ಅಂದರೆ ಸಡಿಲ ಕಪ್ಲರ್ ಅಥವಾ ಒಳಗೆ ಮುರಿದ ವೈರ್.

ಜೊತೆಗೆ ಬೇರೆ ಕೋಡ್ ಬಂದಿದೆಯಾ ಅಂತ ಕೇಳಿ. ಪಿ0401 ಅಥವಾ ಪಿ0402 ಇದ್ದರೆ ಇಜಿಆರ್. ಪಿ0299 ಇದ್ದರೆ ಟರ್ಬೊ ಒತ್ತಡ ಸಾಲುತ್ತಿಲ್ಲ, ಹೋಸ್ ನೋಡಿ. ಪೆಟ್ರೋಲ್ ಗಾಡಿಯಲ್ಲಿ ಪಿ0171 ಜೊತೆಯಾದರೆ ಅಳೆಯದ ಗಾಳಿ ಎಲ್ಲಿಂದಲೋ ನುಗ್ಗುತ್ತಿರಬಹುದು, ಇಲ್ಲವೇ ಸೆನ್ಸರ್ ಕಡಿಮೆ ತೋರಿಸುತ್ತಿರಬಹುದು. ಕೋಡ್ ಅಳಿಸುವ ಮುಂಚೆ ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅಳಿಸಿದ ಮೇಲೆ "ಏನು ಬಂದಿತ್ತು" ಅಂದರೆ ಯಾರಿಗೂ ನೆನಪಿರುವುದಿಲ್ಲ.

ಸ್ಕ್ಯಾನರ್‌ನಲ್ಲಿ ಎಷ್ಟು ಗ್ರಾಂ ಬರಬೇಕು?

ಕಂಪನಿಯ ಅಂಕಿ ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಲೆಕ್ಕ ಹಾಕಬಹುದು, ಕಷ್ಟ ಇಲ್ಲ.

2.5 ಲೀಟರ್ ಡೀಸೆಲ್ ಎಂಜಿನ್ ಇದೆ ಅನ್ನಿ. ನಾಲ್ಕು ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೊಮ್ಮೆ 2.5 ಲೀಟರ್ ಗಾಳಿ ಎಳೆಯುತ್ತದೆ. ಐಡಲಿಂಗ್ 800 ಆರ್‌ಪಿಎಂ ಇದ್ದರೆ ನಿಮಿಷಕ್ಕೆ 1,000 ಲೀಟರ್, ಸೆಕೆಂಡಿಗೆ ಸುಮಾರು 16.7 ಲೀಟರ್. ನಮ್ಮ ಊರು ಸಮುದ್ರಮಟ್ಟಕ್ಕಿಂತ ಮೇಲಿವೆ. ವಿಜಯಪುರ ಸುಮಾರು 600 ಮೀಟರ್, ಬೆಳಗಾವಿ ಸುಮಾರು 750 ಮೀಟರ್. ಜೊತೆಗೆ ಬಿಸಿಲು. ಹಾಗಾಗಿ ಬೇಸಿಗೆಯಲ್ಲಿ ಒಂದು ಲೀಟರ್ ಗಾಳಿ 1.05 ಗ್ರಾಂ ಆಸುಪಾಸು ತೂಗುತ್ತದೆ. ಎಂಜಿನ್ ಪೂರ್ತಿ ತುಂಬುವುದಿಲ್ಲ, ನೂರಕ್ಕೆ 85 ಹಿಡಿಯಿರಿ. ಒಟ್ಟು ಸೆಕೆಂಡಿಗೆ 15 ಗ್ರಾಂ ಹತ್ತಿರ ಬರುತ್ತದೆ. ಕೆಲವು ಸ್ಕ್ಯಾನರ್ ಒಂದು ಸ್ಟ್ರೋಕಿಗೆ ಇಷ್ಟು ಮಿಲಿಗ್ರಾಂ ಅಂತ ತೋರಿಸುತ್ತವೆ. ಇದೇ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಅದು 500ರಿಂದ 600 ನಡುವೆ ಇರಬೇಕು.

ಇದು ಇಜಿಆರ್ ಮುಚ್ಚಿದ್ದಾಗಿನ ಲೆಕ್ಕ. ತೆರೆದಿದ್ದರೆ ಅಂಕಿ ಅರ್ಧಕ್ಕೂ ಇಳಿಯಬಹುದು, ಅದು ತಪ್ಪಲ್ಲ. ಐಡಲಿಂಗ್‌ನಲ್ಲಿ 7, 8 ಗ್ರಾಂ ನೋಡಿ "ಸೆನ್ಸರ್ ಹೋಯಿತು" ಅನ್ನುವವರು ಇದನ್ನೇ ಮರೆಯುವುದು. ಸ್ಕ್ಯಾನರ್‌ನಿಂದ ಇಜಿಆರ್ ಮುಚ್ಚಿಸಲು ಬಂದರೆ ಮುಚ್ಚಿಸಿ ನೋಡಿ. ಅಂಕಿ ಮೇಲಕ್ಕೆ ಏರಿದರೆ ಸೆನ್ಸರ್ ಬದುಕಿದೆ. ಬೇಕಾದ ಗಾಳಿ, ಬಂದ ಗಾಳಿ ಅಂತ ಎರಡೂ ಸಾಲು ತೋರಿಸುವ ಸ್ಕ್ಯಾನರ್ ಇದ್ದರೆ ಎರಡನ್ನೂ ಒಟ್ಟಿಗೆ ನೋಡಿ.

ಪೆಟ್ರೋಲ್ ಗಾಡಿಗೆ ಈ ಲೆಕ್ಕ ಹಾಕಬೇಡಿ. ಥ್ರಾಟಲ್ ಮುಚ್ಚಿರುವುದರಿಂದ ಐಡಲಿಂಗ್‌ನಲ್ಲಿ ಗಾಳಿ ಬಹಳ ಕಡಿಮೆ. ಎಂಜಿನ್ ಗಾತ್ರದ ಪ್ರತಿ ಲೀಟರಿಗೆ, ಸೆಕೆಂಡಿಗೆ ಒಂದೆರಡು ಗ್ರಾಂ ಅಷ್ಟೇ.

ಇನ್ನೊಂದು ಪರೀಕ್ಷೆ ಓಡಿಸಿ ಮಾಡುವುದು. ಖಾಲಿ ರಸ್ತೆ ಇರಬೇಕು, ಪಕ್ಕದಲ್ಲಿ ಒಬ್ಬರು ಸ್ಕ್ಯಾನರ್ ಹಿಡಿದು ಕೂರಬೇಕು. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ. ಆರ್‌ಪಿಎಂ ಏರಿದ ಹಾಗೆ ಗಾಳಿಯ ಅಂಕಿಯೂ ಏರುತ್ತಾ ಹೋಗಬೇಕು. ನಡುವೆ ಎಲ್ಲೋ ಅಂಕಿ ನಿಂತುಬಿಟ್ಟು ಎಂಜಿನ್ ಮಾತ್ರ ಏರಿದರೆ ಸೆನ್ಸರ್ ಕೊಳೆಯಾಗಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಕೊಳೆ ಹಿಡಿದ ಸೆನ್ಸರ್ ಐಡಲಿಂಗ್‌ನಲ್ಲಿ ಸರಿ ಇದ್ದಂತೆ ಕಂಡು ಲೋಡ್‌ನಲ್ಲಿ ಕೈ ಕೊಡುತ್ತದೆ.

ಕಪ್ಲರ್ ಕಿತ್ತು ಓಡಿಸಿ ನೋಡು, ಎಳೆದರೆ ಸೆನ್ಸರ್ ಹೋಗಿದೆ ಅಂತಾರೆ. ಸರೀನಾ?

ಪೆಟ್ರೋಲ್‌ಗೆ ಸುಮಾರಾಗಿ ಸರಿ. ಕಪ್ಲರ್ ಕಿತ್ತರೆ ಕಂಪ್ಯೂಟರ್ ತನ್ನಲ್ಲಿರುವ ಅಂದಾಜು ಅಂಕಿಯ ಮೇಲೆ ಓಡಿಸುತ್ತದೆ. ಆಗ ಗಾಡಿ ಸುಧಾರಿಸಿದರೆ ಸೆನ್ಸರ್ ತಪ್ಪು ಹೇಳುತ್ತಿತ್ತು ಅಂತ ಲೆಕ್ಕ.

ಡೀಸೆಲ್‌ನಲ್ಲಿ ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ಕಪ್ಲರ್ ಕಿತ್ತ ಕೂಡಲೇ ಹಲವು ಗಾಡಿಗಳ ಕಂಪ್ಯೂಟರ್ ಇಜಿಆರ್ ಮುಚ್ಚಿಬಿಡುತ್ತದೆ. ಇಜಿಆರ್ ಬೇಕಾದ್ದಕ್ಕಿಂತ ಹೆಚ್ಚು ತೆರೆಯುತ್ತಿದ್ದರೆ, ಅದು ಮುಚ್ಚಿದ್ದಕ್ಕೇ ಎಳೆತ ಬರುತ್ತದೆ. ಅದನ್ನು ನೋಡಿ ಸೆನ್ಸರ್ ಬದಲಿಸಿದರೆ ಹೊಸ ಸೆನ್ಸರ್ ಜೊತೆ ಹಳೇ ರೋಗ ಹಾಗೇ ಉಳಿಯುತ್ತದೆ. ಇನ್ನು ಕೆಲವು ಗಾಡಿಗಳು ಕಪ್ಲರ್ ಕಿತ್ತರೆ ಶಕ್ತಿ ಇಳಿಸಿ ಓಡಿಸುವ ಲಿಂಪ್ ಮೋಡ್‌ಗೆ ಹೋಗಿ ಇನ್ನೂ ಮಂದವಾಗುತ್ತವೆ.

ಮಾಡುವುದಿದ್ದರೆ ಕೀ ಆಫ್ ಮಾಡಿ ಕೀಳಿ. ಚಾಲೂ ಗಾಡಿಯಲ್ಲಿ ಬೇಡ.

ಮಲ್ಟಿಮೀಟರ್ ಇದೆ. ಏನು ನೋಡಬೇಕು?

ಕಪ್ಲರ್ ಕಿತ್ತು ಕೀ ಆನ್ ಮಾಡಿ. ಒಂದು ಪಿನ್‌ಗೆ ಬ್ಯಾಟರಿಯ 12 ವೋಲ್ಟ್ ಬರಬೇಕು. ಒಂದು ಪಿನ್ ಅರ್ಥಿಂಗ್. ಬಿಸಿ ಅಳೆಯುವ ಸೆನ್ಸರ್‌ನ ಪಿನ್‌ಗೆ 5 ವೋಲ್ಟ್ ಆಸುಪಾಸು. ಇವು ಬರದಿದ್ದರೆ ಫ್ಯೂಸ್, ರಿಲೇ, ವೈರ್ ಹುಡುಕಿ. ಸೆನ್ಸರ್‌ದು ತಪ್ಪಿಲ್ಲ.

ಕಪ್ಲರ್ ಹಾಕಿ ಹಿಂದಿನಿಂದ ಸೂಜಿಯಂಥ ಪಿನ್ ತೂರಿಸಿ ಸಿಗ್ನಲ್ ನೋಡಬಹುದು. ವೋಲ್ಟೇಜ್ ಮಾದರಿಯ ಸೆನ್ಸರ್ ಆದರೆ ಎಂಜಿನ್ ಬಂದ್ ಇದ್ದು ಕೀ ಆನ್ ಇದ್ದಾಗ ಸುಮಾರು 1 ವೋಲ್ಟ್, ಚಾಲೂ ಮಾಡಿ ರೇಸ್ ಕೊಟ್ಟ ಹಾಗೆ ಏರಬೇಕು. ಫ್ರೀಕ್ವೆನ್ಸಿ ಮಾದರಿಯೂ ಇದೆ. ಅದಕ್ಕೆ ವೋಲ್ಟ್ ಹಿಡಿದರೆ ಏನೂ ಅರ್ಥವಾಗುವುದಿಲ್ಲ, ಹರ್ಟ್ಸ್ ತೋರಿಸುವ ಮೀಟರ್ ಬೇಕು. ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪ್ ಸಿಗ್ನಲ್ ವೈರಿಗೆ ಮುಟ್ಟಿಸಬೇಡಿ. ಸೆನ್ಸರ್ ಜೊತೆ ಕಂಪ್ಯೂಟರ್ ಕೂಡ ಹೋದೀತು.

ಸರಿ, ಸ್ವಚ್ಛ ಮಾಡುವುದು ಹೇಗೆ?

ಬೇಕಾದ್ದು ಮ್ಯಾಫ್ ಸೆನ್ಸರ್ ಕ್ಲೀನರ್ ಅಂತಲೇ ಮಾರುವ ಸ್ಪ್ರೇ, ಸರಿಯಾದ ಸ್ಕ್ರೂಡ್ರೈವರ್, ಧೂಳಿಲ್ಲದ ಜಾಗ. ರಸ್ತೆ ಬದಿಯ ಗ್ಯಾರೇಜಿನಲ್ಲಿ ಬಸ್ ಹಾದುಹೋಗುವಾಗ ಈ ಕೆಲಸ ಬೇಡ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಒಳ್ಳೆಯದು.

ಮೊದಲು ಫಿಲ್ಟರ್ ಡಬ್ಬಿಯ ಹೊರಗಿನ ಧೂಳು ಒರೆಸಿ. ಇಲ್ಲದಿದ್ದರೆ ಸೆನ್ಸರ್ ತೆಗೆದ ತೂತಿನಲ್ಲಿ ಅದೇ ಧೂಳು ಬಿದ್ದು ನೇರ ಟರ್ಬೊ ಸೇರುತ್ತದೆ. ಕೀ ಆಫ್ ಮಾಡಿ. ಕಪ್ಲರ್‌ನ ಲಾಕ್ ಒತ್ತಿ ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ. ಬಿಸಿಲಿಗೆ ಒಣಗಿದ ಲಾಕ್ ಪಟ್ಟನೆ ಮುರಿಯುತ್ತದೆ. ಸೆನ್ಸರ್ ಹಿಡಿದಿರುವ ಎರಡು ಸ್ಕ್ರೂ ಹಲವು ಗಾಡಿಗಳಲ್ಲಿ ನಕ್ಷತ್ರದ ತಲೆಯವು. ಟಿ20 ಬಿಟ್ ಹೊಂದುವುದು ಸಾಮಾನ್ಯ, ನಡುವೆ ಮೊಳೆ ಇದ್ದರೆ ತೂತಿರುವ ಬಿಟ್ ಬೇಕು. ಹೊಂದದ ಸ್ಕ್ರೂಡ್ರೈವರ್ ಹಾಕಿ ತಲೆ ಸವೆಸಿದರೆ ಆಮೇಲೆ ಪೂರ್ತಿ ಪೈಪೇ ಬಿಚ್ಚಬೇಕಾದೀತು.

ಸೆನ್ಸರನ್ನು ನೇರಕ್ಕೆ ಹೊರಗೆಳೆಯಿರಿ. ಒಳಗಿನ ಸಣ್ಣ ಕಿಂಡಿಯಲ್ಲಿ ಫಿಲ್ಮ್ ಅಥವಾ ತಂತಿ ಕಾಣುತ್ತದೆ. ಬೆರಳು ಬೇಡ, ಬಟ್ಟೆ ಬೇಡ, ಕಿವಿ ಹತ್ತಿ ಕಡ್ಡಿಯಂತೂ ಬೇಡವೇ ಬೇಡ. ಸುಮಾರು ಒಂದು ಗೇಣಿಗಿಂತ ಕಡಿಮೆ ದೂರದಿಂದ ಚಿಕ್ಕ ಚಿಕ್ಕದಾಗಿ ಹತ್ತು ಹದಿನೈದು ಸಲ ಸ್ಪ್ರೇ ಹೊಡೆಯಿರಿ. ಸ್ಪ್ರೇ ನಳಿಗೆ ಫಿಲ್ಮ್‌ಗೆ ತಾಗಬಾರದು. ಕೊಳೆ ಕೆಳಗಿಳಿದು ಹೋಗುವ ಹಾಗೆ ಸೆನ್ಸರ್ ಬಾಗಿಸಿ ಹಿಡಿಯಿರಿ. ಬಿಸಿ ಅಳೆಯುವ ಮಣಿಯಂಥ ಸಣ್ಣ ತುದಿಗೂ ಎರಡು ಸಲ ಹೊಡೆಯಿರಿ. ಮೊದಲು ಕಂದು ನೀರು ಬರುತ್ತದೆ, ಆಮೇಲೆ ತಿಳಿಯಾಗುತ್ತದೆ. ಕಪ್ಲರ್ ಪಿನ್‌ಗಳಲ್ಲಿ ಹಸಿರು ತುಕ್ಕು ಇದ್ದರೆ ಅದಕ್ಕೆ ಬೇರೆ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ.

ಒಣಗಲು ಬಿಡಿ. ಅರ್ಧ ಗಂಟೆ ಬಿಟ್ಟರೆ ನೆಮ್ಮದಿ. ಈ ಸ್ಪ್ರೇಗಳಲ್ಲಿ ಹೆಚ್ಚಿನವು ಬೆಂಕಿ ಹಿಡಿಯುವಂಥವು. ಹಸಿ ಇರುವಾಗಲೇ ಕೀ ಆನ್ ಮಾಡಿದರೆ ಒಳಗಿನ ಫಿಲ್ಮ್ ಬಿಸಿಯಾಗುತ್ತದೆ. ಬೀಡಿ, ಸಿಗರೇಟು ದೂರ ಇರಲಿ.

ಅಷ್ಟರಲ್ಲಿ ಪೈಪಿನ ಬಾಯಲ್ಲಿ ಜೇನುಗೂಡಿನ ಥರದ ಜಾಲರಿ ಇದೆಯಾ ನೋಡಿ. ಹೊಟ್ಟು, ಎಲೆ ಚೂರು ಸಿಕ್ಕಿದ್ದರೆ ಚಿಮುಟದಿಂದ ತೆಗೆಯಿರಿ. "ಗಾಳಿ ಜಾಸ್ತಿ ಬರಲಿ" ಅಂತ ಜಾಲರಿಯನ್ನೇ ಕಿತ್ತು ಬಿಸಾಕುವವರಿದ್ದಾರೆ. ಅದು ಗಾಳಿಯನ್ನು ನೇರ ಮಾಡಿ ಕಳಿಸುವುದಕ್ಕೆ ಇರುವುದು, ಕಿತ್ತರೆ ಅಳತೆ ಕೆಡುತ್ತದೆ.

ವಾಪಸ್ ಹಾಕುವಾಗ ರಬ್ಬರ್ ರಿಂಗ್ ಸರಿಯಾಗಿ ಕೂರಲಿ. ಸೆನ್ಸರ್ ಮೇಲಿನ ಬಾಣದ ಗುರುತು ಎಂಜಿನ್ ಕಡೆ ಇರಬೇಕು. ಸ್ಕ್ರೂ ಪ್ಲಾಸ್ಟಿಕ್ಕಿಗೆ ಹೋಗುವುದು, ಜೋರಾಗಿ ಬಿಗಿಯಬೇಡಿ. ಕೋಡ್ ಅಳಿಸಿ, ಲೋಡ್ ಹಾಕಿ ಓಡಿಸಿ ನೋಡಿ.

ಕಾರ್ಬೊರೇಟರ್ ಕ್ಲೀನರ್, ಪೆಟ್ರೋಲ್, ತಿನ್ನರ್, ಹವಾ? ಯಾವುದಾದರೂ ನಡೆಯುತ್ತಾ?

ಒಂದೂ ಬೇಡ. ಕಾರ್ಬ್ ಕ್ಲೀನರ್, ಬ್ರೇಕ್ ಕ್ಲೀನರ್, ತಿನ್ನರ್ ಇವು ಪ್ಲಾಸ್ಟಿಕ್ಕನ್ನೂ ಒಳಗಿನ ಅಂಟನ್ನೂ ತಿನ್ನಬಹುದು. ಪೆಟ್ರೋಲ್ ಒಣಗಿದ ಮೇಲೂ ಪದರ ಬಿಡುತ್ತದೆ, ಅಪಾಯವೂ ಹೌದು. ಮಾಮೂಲು ಡಬ್ಲ್ಯೂಡಿ-40 ಎಣ್ಣೆ ಜಿಡ್ಡು ಬಿಡುತ್ತದೆ. ಕಂಪ್ರೆಸರ್ ಹವಾ ಹೊಡೆದರೆ ತಂತಿ ತುಂಡಾಗಬಹುದು. ಸಾಲದ್ದಕ್ಕೆ ಟ್ಯಾಂಕಿನಲ್ಲಿ ನಿಂತ ನೀರು, ಎಣ್ಣೆ ಕೂಡ ಬರುತ್ತದೆ. ಸ್ಪ್ರೇಗೆ ಕೆಲವು ನೂರು, ಹೊಸ ಸೆನ್ಸರ್‌ಗೆ ಹಲವು ಸಾವಿರ. ಉಳಿಸುವ ಜಾಗ ಇದಲ್ಲ.

ಇನ್ನೊಂದು: ಡೀಸೆಲ್ ಎಂಜಿನ್ ಚಾಲೂ ಇರುವಾಗ ಪೈಪಿನೊಳಗೆ ಯಾವ ಸ್ಪ್ರೇಯನ್ನೂ ಹೊಡೆಯಬಾರದು. ಉರಿಯುವ ಆವಿ ಒಳಗೆ ಹೋದರೆ ಡೀಸೆಲ್ ಎಂಜಿನ್ ಹಿಡಿತ ತಪ್ಪಿ ರೇಸ್ ಆಗಬಹುದು. ಲೀಕ್ ಹುಡುಕಲು ಹೀಗೆ ಮಾಡುವುದನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಪಂಚರ್ ಅಂಗಡಿಯಲ್ಲಿ ಏರ್ ಫಿಲ್ಟರ್‌ಗೆ ಹವಾ ಹೊಡೆಸುತ್ತೇನೆ. ಅಷ್ಟು ಸಾಲದಾ?

ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಗೆ ಇನ್ನೂ ಆಳಕ್ಕೆ ಹೋಗುತ್ತದೆ. ಒಳಗಿನಿಂದ ಹೊರಗೆ, ಕಡಿಮೆ ಒತ್ತಡದಲ್ಲಿ, ದೂರದಿಂದ ಹೊಡೆಸಬೇಕು. ಟೈರ್‌ಗೆ ಬಿಡುವ ಪೂರ್ತಿ ಒತ್ತಡಕ್ಕೆ ಕಾಗದ ಕಣ್ಣಿಗೆ ಕಾಣದ ಹಾಗೆ ಹರಿಯುತ್ತದೆ. ಆಮೇಲೆ ಫಿಲ್ಟರ್ ನೋಡಲು ಸ್ವಚ್ಛ, ಧೂಳೆಲ್ಲ ಸೆನ್ಸರ್ ಮೇಲೆ. ಒಳಗೆ ಬಲ್ಬ್ ಅಥವಾ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಚುಕ್ಕೆ ಬೆಳಕು ಕಂಡರೆ ಫಿಲ್ಟರ್ ಎಸೆಯಿರಿ. ಎರಡು ಮೂರು ಸಲ ಹವಾ ಹೊಡೆಸಿದ ಫಿಲ್ಟರನ್ನು ನಾನು ನಂಬುವುದಿಲ್ಲ.

ಎಣ್ಣೆ ಸವರುವ, ತೊಳೆದು ಮತ್ತೆ ಹಾಕುವ ಫಿಲ್ಟರ್ ಹಾಕಿಸಿಕೊಂಡವರು ಎಣ್ಣೆ ಮಿತಿಯಲ್ಲಿ ಸವರಲಿ. ಜಾಸ್ತಿಯಾದ ಎಣ್ಣೆ ಗಾಳಿಯ ಜೊತೆ ಸೆನ್ಸರ್‌ಗೇ ಹೋಗುತ್ತದೆ. ನಮ್ಮ ಧೂಳಿಗೆ ಕಂಪನಿಯ ಕಾಗದದ ಫಿಲ್ಟರೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ತೊಳೆದ ಮೇಲೂ ಸರಿಹೋಗಲಿಲ್ಲ. ಈಗ?

ಗಾಳಿಯ ದಾರಿಯಲ್ಲಿ ನಡೆಯುತ್ತಾ ಹೋಗಿ. ಫಿಲ್ಟರ್ ಡಬ್ಬಿಯ ಮುಚ್ಚಳದ ಕ್ಲಿಪ್ ನಾಲ್ಕೂ ಇವೆಯಾ? ಒಂದು ಮುರಿದು ತಂತಿ ಕಟ್ಟಿದ್ದರೆ ಅಲ್ಲೇ ಸೋರಿಕೆ. ಸೆನ್ಸರ್‌ಗೂ ಟರ್ಬೊಗೂ ನಡುವಿನ ರಬ್ಬರ್ ಪೈಪನ್ನು ಮಡಿಕೆ ಬಿಡಿಸಿ ನೋಡಿ. ಮಡಿಕೆಯೊಳಗಿನ ಸೀಳು ಮೇಲಿನಿಂದ ಕಾಣುವುದಿಲ್ಲ. ಅಲ್ಲಿ ಸೀಳಿದ್ದರೆ ಅಳೆಯದ ಗಾಳಿ ಒಳಗೆ ಬರುತ್ತದೆ, ಸೆನ್ಸರ್ ಕಡಿಮೆ ತೋರಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ಫಿಲ್ಟರ್ ಆಗದ ಧೂಳು ಟರ್ಬೊ ರೆಕ್ಕೆ ತಿನ್ನುತ್ತದೆ. ಟರ್ಬೊ ನಂತರದ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಒಬ್ಬರು ರೇಸ್ ಕೊಟ್ಟರೆ ಗುಳ್ಳೆ ಏಳುತ್ತದಾ ನೋಡಿ. ಫ್ಯಾನ್, ಬೆಲ್ಟ್‌ನಿಂದ ಕೈ ದೂರ ಇರಲಿ.

ಆಮೇಲೆ ಇಜಿಆರ್ ಬಿಚ್ಚಿ ಮಸಿ ನೋಡಿ. ಇಷ್ಟೆಲ್ಲ ಸರಿ ಇದ್ದು, ವೈರಿಗೆ ವೋಲ್ಟ್ ಸರಿಯಾಗಿ ಬಂದು, ತೊಳೆದ ಮೇಲೂ ಅಂಕಿ ಲೆಕ್ಕಕ್ಕೆ ತಾಳೆ ಆಗದಿದ್ದರೆ ಆಗ ಸೆನ್ಸರ್ ಸತ್ತಿದೆ ಅನ್ನಿ. ತೊಳೆಯುವುದರಿಂದ ಕೊಳೆ ಹೋಗುತ್ತದೆ. ಸುಟ್ಟ ಫಿಲ್ಮ್ ಮತ್ತೆ ಹುಟ್ಟುವುದಿಲ್ಲ.

ಹೊಸ ಸೆನ್ಸರ್ ಕೊಳ್ಳುವಾಗ ಏನು ನೋಡಬೇಕು?

ಹಳೆಯದರ ಮೇಲೆ ಅಚ್ಚಾಗಿರುವ ಪಾರ್ಟ್ ನಂಬರ್. ಕಪ್ಲರ್ ಹೊಂದಿತು, ಸ್ಕ್ರೂ ಕೂತಿತು ಅಂತ ಬೇರೆ ಗಾಡಿಯದು ಹಾಕಬೇಡಿ. ಪೈಪಿನ ಅಗಲಕ್ಕೆ ತಕ್ಕಂತೆ ಅಳತೆ ಕೂರಿಸಿರುತ್ತಾರೆ. ನೋಡಲು ಅಣ್ಣ ತಮ್ಮರಂತಿದ್ದರೂ ತೋರಿಸುವ ಅಂಕಿ ಬೇರೆ. ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ನಕಲಿ ಮಾಲು ಬರುವುದೂ ಇದೆ. ಬೆಲೆ ತೀರಾ ಕಡಿಮೆ ಹೇಳಿದರೆ ಕೈ ಹಿಂದೆ ತೆಗೆಯಿರಿ, ಬಿಲ್ ಇಲ್ಲದೆ ಕೊಳ್ಳಬೇಡಿ. ಹಾಕಿದ ಮೇಲೆ ಕೆಲವು ಗಾಡಿಗಳಲ್ಲಿ ಸ್ಕ್ಯಾನರ್‌ನಿಂದ ಕಂಪ್ಯೂಟರ್ ಹಳೆಯ ಸೆನ್ಸರಿಗೆ ಹೊಂದಿಸಿಕೊಂಡ ಲೆಕ್ಕ ಅಳಿಸಬೇಕಾಗುತ್ತದೆ.

ಇಜಿಆರ್‌ಗೆ ತಗಡು ಹಾಕಿ ಮುಚ್ಚಿಸಿದ್ದೇನೆ. ಅದಕ್ಕೂ ಈ ಸೆನ್ಸರ್‌ಗೂ ಸಂಬಂಧ ಇದೆಯಾ?

ನೇರ ಸಂಬಂಧ. ಕಂಪ್ಯೂಟರ್ ಇಜಿಆರ್ ತೆರೆದೆ ಅಂದುಕೊಳ್ಳುತ್ತದೆ, ಗಾಳಿ ಕಡಿಮೆಯಾಗಬೇಕು ಅಂತ ಕಾಯುತ್ತದೆ. ಆದರೆ ತಗಡು ಇರುವುದರಿಂದ ಗಾಳಿ ಕಡಿಮೆಯಾಗುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ಪಿ0401, ಕೆಲವೊಮ್ಮೆ ಪಿ0101. ಸೆನ್ಸರ್ ಎಷ್ಟು ತೊಳೆದರೂ ಲೈಟು ಹೋಗುವುದಿಲ್ಲ. ಹೊಗೆ ನಿಯಂತ್ರಣದ ಭಾಗವನ್ನು ಹೀಗೆ ಮುಚ್ಚಿಸುವುದು ಕಾನೂನಿಗೂ ವಿರುದ್ಧ. ತಗಡು ತೆಗೆಸಿ, ವಾಲ್ವ್ ತೊಳೆಸಿ.

ಊರಲ್ಲಿ ಸರಿ ಇದೆ, ಚೋರ್ಲಾ ಘಾಟಿ ಹತ್ತುವಾಗ ಮಾತ್ರ ಎಳೆಯುವುದಿಲ್ಲ. ಎತ್ತರದಿಂದ ಹಾಗಾ?

ಗೋವಾಕ್ಕೆ ತರಕಾರಿ ಇಳಿಸಿ ಬೆಳಗಾವಿ ಕಡೆ ವಾಪಸ್ ಹತ್ತುವವರು ಇದನ್ನು ಕೇಳುತ್ತಾರೆ. ಆ ಎತ್ತರಕ್ಕೆ ಗಾಳಿ ತೆಳುವಾಗುವುದು ಅಲ್ಪ, ಟರ್ಬೊ ಇರುವ ಗಾಡಿಗೆ ತಿಳಿಯುವಷ್ಟು ಅಲ್ಲ. ಏರಿನಲ್ಲಿ ಎಂಜಿನ್ನಿಗೆ ಅತಿ ಹೆಚ್ಚು ಗಾಳಿ ಬೇಕು. ಕೊಳೆ ಸೆನ್ಸರ್, ಕಟ್ಟಿದ ಫಿಲ್ಟರ್, ಸೋರುವ ಹೋಸ್ ಮೂರೂ ಅಲ್ಲೇ ಬಯಲಾಗುವುದು. ಮಳೆಗಾಲದಲ್ಲಿ ಮಾತ್ರ ಹೀಗಾಗುತ್ತಿದ್ದರೆ ಫಿಲ್ಟರ್ ಒದ್ದೆಯಾಗಿದೆಯಾ ನೋಡಿ. ಒದ್ದೆ ಕಾಗದದಲ್ಲಿ ಗಾಳಿ ಸರಿಯಾಗಿ ಹಾಯುವುದಿಲ್ಲ.

ವಾಟರ್ ಸರ್ವಿಸ್ ಮಾಡಿಸಿದ ಮರುದಿನದಿಂದ ಲೈಟು ಬಂದಿದೆ.

ಜೋರು ನೀರು ಕಪ್ಲರ್‌ಗೆ ಹೋಗಿದೆ. ಬಿಚ್ಚಿ ಒಣಗಿಸಿ, ಕೋಡ್ ಅಳಿಸಿ. ಇನ್ನು ಮುಂದೆ ಎಂಜಿನ್ ಕಡೆ ಪ್ರೆಶರ್ ಬೇಡ ಅಂತ ಹೇಳಿ.

ಮಾಲು ಇದೆ, ಅರ್ಧ ದಾರಿಯಲ್ಲಿ ಲೈಟು ಬಂತು. ನಿಲ್ಲಿಸಲೇಬೇಕಾ?

ಲೈಟು ಹಳದಿಯಾಗಿದ್ದು, ಮಿಟುಕದೆ ಉರಿಯುತ್ತಿದ್ದು, ಬಿಸಿ ಮತ್ತು ಆಯಿಲ್ ಸರಿ ಇದ್ದರೆ ಮೆಲ್ಲಗೆ ಹೋಗಬಹುದು. ಇಂಡಿ ತಾಲೂಕಿನ ಲಿಂಬೆ ಸೊಲ್ಲಾಪುರ ಮುಟ್ಟಿಸಿ ಬಂದು ತೋರಿಸಿದರೂ ನಡೆಯುತ್ತದೆ. ಆದರೆ ದಟ್ಟ ಕಪ್ಪು ಹೊಗೆ, ಟರ್ಬೊದಿಂದ ಕೀರಲು ಸದ್ದು, ಕೆಂಪು ಲೈಟು ಇವುಗಳಲ್ಲಿ ಯಾವುದೇ ಇದ್ದರೂ ಬದಿಗೆ ಹಾಕಿ. ತಿಂಗಳುಗಟ್ಟಲೆ ಲೈಟು ಉರಿಸಿಕೊಂಡೇ ಓಡಿಸುವುದು ಬೇರೆ ಮಾತು. ಡಿಪಿಎಫ್ ಇರುವ ಗಾಡಿಯಲ್ಲಿ ಆ ಸೋಮಾರಿತನ ದುಬಾರಿ.

ವಾರಂಟಿ ಇನ್ನೂ ಇದೆ. ನಾನೇ ಬಿಚ್ಚಲಾ?

ಬೇಡ. ಕಂಪನಿ ಸರ್ವಿಸ್‌ಗೆ ಒಯ್ಯಿರಿ, ಜಾಬ್ ಕಾರ್ಡ್‌ನಲ್ಲಿ ದೂರು ಬರೆಸಿ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಕ್ಯಾಲೆಂಡರ್ ನೋಡಿ ತೊಳೆಯಬೇಕಾದ ವಸ್ತು ಇದಲ್ಲ. ಪ್ರತಿ ಸಲ ಬಿಚ್ಚಿದಾಗಲೂ ಕಪ್ಲರ್ ಲಾಕ್, ರಬ್ಬರ್ ರಿಂಗ್ ಸವೆಯುತ್ತವೆ. ಲಕ್ಷಣ ಕಂಡರೆ ತೊಳೆಯಿರಿ. ಕ್ವಾರಿ, ಕಬ್ಬಿನ ಗದ್ದೆ ಕಡೆ ದಿನಾ ಓಡುವ ಗಾಡಿಯಾದರೆ ಸೀಸನ್ ಮುಗಿದ ಮೇಲೆ ಫಿಲ್ಟರ್ ಬದಲಿಸುವಾಗ ಒಮ್ಮೆ ತೆಗೆದು ನೋಡಿ, ಕೊಳೆ ಕಂಡರೆ ಮಾತ್ರ ಸ್ಪ್ರೇ. ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ಗಿಂತ ಮುಂಚೆಯೇ ಏರ್ ಫಿಲ್ಟರ್ ಬದಲಿಸಿ. ಧೂಳಿನಲ್ಲಿ ಓಡುವ ಗಾಡಿಗೆ ಬೇಗ ಬದಲಿಸಿ ಅಂತ ಆ ಪುಸ್ತಕದಲ್ಲೇ ಬರೆದಿರುತ್ತದೆ, ಆ ಸಾಲು ಯಾರೂ ಓದುವುದಿಲ್ಲ ಅಷ್ಟೇ.